ಪಕ್ಕದ ಮನೆಯ ನಾಲ್ಕು ಕಡ್ಡಿ

ಮೊಬೈಲ್ ಟವರ್ ರಿಪೇರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜನ ತಮ್ಮ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ದೂರು ಕೊಡುತ್ತಾರೆ ಅಂತ ಅಂದುಕೊಂಡಿದ್ದೆ. ಹಾಗಲ್ಲ. ಪಕ್ಕದ ಮನೆಯವರಿಗೆ ಇದ್ದರೆ ಕೊಡುತ್ತಾರೆ. ಇಡೀ ಓಣಿಗೆ ಸಿಗ್ನಲ್ ಹೋದ ದಿನ ನನ್ನನ್ನು ಯಾರೂ ಕೇಳುವುದಿಲ್ಲ. ಅರ್ಧ ಓಣಿಗೆ ಹೋದ ದಿನ ಊಟಕ್ಕೂ ಬಿಡುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಐದು ತಾಲ್ಲೂಕು ಬೈಕಿನ ಮೇಲೆ ತಿರುಗುವ ನನಗೆ ಇಂಥ ಹೊಟ್ಟೆಕಿಚ್ಚಿನ ಪ್ರಸಂಗ ತಿಂಗಳಿಗೊಂದಾದರೂ ಎದುರಾಗುತ್ತದೆ.

೧. ಸಮಪಾಲು

ಕೂಡ್ಲಿಗಿಯಲ್ಲಿ ಅಣ್ಣತಮ್ಮಂದಿರ ಮನೆ. ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದರು. ಅಣ್ಣನ ಪಾಲಿನಲ್ಲಿ ಎಲ್ಲಿ ನಿಂತರೂ ಫೋನಿಗೆ ನಾಲ್ಕು ಕಡ್ಡಿ. ತಮ್ಮನ ಪಾಲಿನಲ್ಲಿ ಒಂದೇ ಕಡ್ಡಿ, ಅದೂ ಕಿಟಕಿಗೆ ಕೆನ್ನೆ ಒತ್ತಿ ನಿಂತರೆ. ದೂರು ಕೊಟ್ಟವನು ತಮ್ಮ.

"ಪಾಲು ಮಾಡುವಾಗ ಎಲ್ಲಾ ಸಮ ಹಂಚೀವ್ರಿ. ಬಾವಿ ಸಮ, ಹಿತ್ತಲ ಸಮ, ಬೇವಿನ ಗಿಡದ ನೆಳ್ಳು ಸುದ್ದಾ ಸಮ. ಇದೊಂದು ಹೆಂಗ ಪೂರಾ ಅವನ ಕಡೀಗೆ ಹೋತು?"

ನೋಡಿದರೆ ತಮ್ಮನ ಪಾಲಿನ ಎದುರಿಗೆ ಮೂರಂತಸ್ತಿನ ಹೊಸ ಕಟ್ಟಡ ಎದ್ದಿತ್ತು. ಟವರ್ ಅದರ ಮರೆಗೆ ಬಿದ್ದಿತ್ತು. "ಆಂಟೆನಾ ಒಂಚೂರು ತಿರುಗಿಸಿದ್ರ ಇಬ್ಬರಿಗೂ ಮೂರು ಮೂರು ಕಡ್ಡಿ ಬರಬಹುದ್ರಿ" ಅಂದೆ.

ತಮ್ಮನ ಮುಖ ಅರಳುವಷ್ಟರಲ್ಲಿ ಹಿತ್ತಲ ಗೋಡೆಯಾಚೆಯಿಂದ ಅಣ್ಣನ ತಲೆ ಮೇಲೆದ್ದಿತು. "ನಂದೊಂದು ಕಡ್ಡಿ ಕಿತ್ತು ಅವನಿಗೆ ಕೊಡ್ತೀರೇನ್ರಿ?"

"ನಿಮಗೇನೂ ಫರಕ್ ಆಗಂಗಿಲ್ರಿ. ಮಾತು ಇಷ್ಟೇ ಸ್ವಚ್ಛ ಕೇಳ್ತೈತಿ."

ಅಣ್ಣ ಗೋಡೆಯ ಮೇಲೆ ಎರಡೂ ಕೈ ಊರಿದ. ಆಮೇಲೆ ಬಹಳ ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳಿದ: "ಒಂದು ಕೆಲಸ ಮಾಡ್ರಿ. ನನ್ನ ನಾಲ್ಕೂ ಕಡ್ಡಿ ತಗದು ಊರಿಗೆಲ್ಲ ಹಂಚಿಬಿಡ್ರಿ. ಅವನಿಗೊಬ್ಬನಿಗೆ ಬ್ಯಾಡ."

೨. ಎದುರುಬದುರು

ಹಡಗಲಿಯಲ್ಲಿ ಇಬ್ಬರು ಮಲ್ಲಿಗೆ ವ್ಯಾಪಾರಿಗಳು, ಅಂಗಡಿ ಎದುರುಬದುರು. ಬೆಳಗಿನ ಹೂವಿನ ದರ ಹೊರಗಿನ ಊರುಗಳಿಂದ ಫೋನಿನಲ್ಲೇ ತಿಳಿಯುವುದು. ಮೊದಲು ಕರೆ ಸಿಕ್ಕವನ ಬುಟ್ಟಿ ಮೊದಲ ಬಸ್ಸಿಗೆ ಏರುತ್ತದೆ. ಅದಕ್ಕಾಗಿ ಒಬ್ಬ ವ್ಯಾಪಾರಿ ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ಅನ್ನುವ ಡಬ್ಬಿಯೊಂದನ್ನು ತರಿಸಿ ಅಟ್ಟದ ಮೇಲೆ ಕೂರಿಸಿಬಿಟ್ಟ. ಅಪ್ಪಣೆ ಇಲ್ಲದೆ ಹಾಗೆ ಹಾಕುವುದು ಕಾನೂನಿಗೆ ವಿರುದ್ಧ. ಯಾಕೆಂದರೆ ಅದು ಒಬ್ಬನ ಫೋನಿಗಾಗಿ ಎಷ್ಟು ಜೋರಾಗಿ ಕೂಗುತ್ತದೆಂದರೆ, ಉಳಿದವರ ಮಾತು ಟವರಿಗೆ ಕೇಳಿಸುವುದೇ ಇಲ್ಲ.

ಇವನ ಫೋನು ಟಣ್ ಅಂತ ಹೊಡೆದುಕೊಳ್ಳುವುದನ್ನು ಎದುರಿನವನು ನಾಲ್ಕು ದಿನ ನೋಡಿದ. ಐದನೆಯ ದಿನ ಅದಕ್ಕಿಂತ ದೊಡ್ಡ ಡಬ್ಬಿ ತರಿಸಿದ. ಆರನೆಯ ದಿನ ಇಡೀ ಪೇಟೆಯ ಫೋನುಗಳು ಮೂಕವಾದವು, ಅವರಿಬ್ಬರದೂ ಸೇರಿ.

ನಾನು ಮೀನಿನ ಮುಳ್ಳಿನಂಥ ಕೈ ಆಂಟೆನಾಕ್ಕೆ ಮೀಟರ್ ಜೋಡಿಸಿ ಹಿಡಿದು, ಗೊಂದಲ ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತ ಪೇಟೆಯಲ್ಲಿ ನಡೆದೆ. ಹೂ ಕಟ್ಟುತ್ತಿದ್ದ ಅಮ್ಮನೊಬ್ಬಳು, "ಏನ್ ಹುಡುಕಾಕತ್ತೀಯಪ್ಪಾ, ನೀರೇನು?" ಅಂದಳು. ಮೀಟರಿನ ಮುಳ್ಳು ಒಮ್ಮೆ ಎಡಗಡೆಯ ಅಂಗಡಿಗೆ, ಒಮ್ಮೆ ಬಲಗಡೆಯ ಅಂಗಡಿಗೆ ಜಿಗಿಯಿತು. ಇಬ್ಬರೂ ಸಿಕ್ಕಿಬಿದ್ದರು.

"ಎರಡೂ ಬಂದ್ ಮಾಡ್ರಿ" ಅಂದೆ.

"ಮೊದಲ ಅವನು ಮಾಡ್ಲಿ."

"ಮೊದಲ ಹಾಕಿದಾಂವ ಅವನು, ಮೊದಲ ತಗೀಬೇಕಾದಾಂವನೂ ಅವನಾ."

ಕೊನೆಗೆ ಒಂದು ದಾರಿ ಹುಡುಕಿದೆ. ಇಬ್ಬರೂ ತಮ್ಮ ತಮ್ಮ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲಬೇಕು. ನಾನು ನಡುಬೀದಿಯಲ್ಲಿ ನಿಂತು ಮೂರು ಎಣಿಸುತ್ತೇನೆ, ಇಬ್ಬರೂ ಒಟ್ಟಿಗೆ ಒತ್ತಬೇಕು. ಪೇಟೆಗೆ ಪೇಟೆಯೇ ನೋಡುತ್ತ ನಿಂತಿತು. "ಒಂದು, ಎರಡು, ಮೂರು!" ಅಂದೆ. ಯಾರೂ ಒತ್ತಲಿಲ್ಲ. ಇಬ್ಬರೂ ಕತ್ತು ಚಾಚಿ ಎದುರಿನವನ ಬೆರಳು ನೋಡುತ್ತಿದ್ದರು. ಮತ್ತೆ ಎಣಿಸಿದೆ. ಮತ್ತೆ ಅದೇ. ಮೂರನೆಯ ಸಲಕ್ಕೆ ಹೂ ಕಟ್ಟುತ್ತಿದ್ದ ಅಮ್ಮನಿಗೆ ರೇಗಿತು. ಎದ್ದು ಹೋಗಿ ಎರಡೂ ಅಂಗಡಿಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು ಬಂದು ಕೂತಳು.

ಸಿಗ್ನಲ್ ಬಂತು. ಪೇಟೆಯ ತುಂಬ ಫೋನುಗಳು ಕೂಗತೊಡಗಿದವು. ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಬೈಕು ಹತ್ತುವಾಗ ನನ್ನ ಫೋನೂ ಹೊಡೆದುಕೊಂಡಿತು. ಮೊದಲ ವ್ಯಾಪಾರಿ.

"ಬರೋಬರಿ ಬಂತಲ್ರಿ ಈಗ?" ಅಂದೆ.

"ಬಂತು. ಆದ್ರ ಒಂದು ದೂರು ಬರಕೋರಿ. ಅವನ ಫೋನು ನಂದಕ್ಕಿಂತ ಮೊದಲ ಹೊಡಕೊಂತು."

೩. ಎರಡು ಡಿಗ್ರಿ

ಊರವರನ್ನೇ ಆಡಿಕೊಂಡರೆ ತಪ್ಪಾದೀತು. ನನ್ನದನ್ನೂ ಹೇಳುತ್ತೇನೆ.

ಗುಡೇಕೋಟೆ ಹತ್ತಿರದ ಒಂದು ಟವರನ್ನು ಎರಡು ಕಂಪನಿಗಳು ಹಂಚಿಕೊಂಡಿವೆ. ಕಂಬ ಒಂದೇ, ಆಂಟೆನಾ ಬೇರೆ ಬೇರೆ. ನಾನೊಂದು ಕಂಪನಿಯ ಕಡೆಯವನು, ಇನ್ನೊಂದಕ್ಕೆ ಬೇರೊಬ್ಬ ಬರುತ್ತಾನೆ. ಟವರ್ ನಿಂತ ಹೊಲದ ಅಜ್ಜಿಯ ಮನೆ ಪಕ್ಕದಲ್ಲೇ. ಅವನು ಬಂದರೆ ಅಜ್ಜಿ, "ಬಾರಪಾ ನನ್ನ ಮಗನ" ಅಂತ ಕರೆದು ರೊಟ್ಟಿ, ಶೇಂಗಾ ಚಟ್ನಿ, ಒಂದು ತಂಬಿಗೆ ಮಜ್ಜಿಗೆ ಕೊಡುತ್ತಿದ್ದಳು. ನಾನು ಬಂದರೆ ಟವರಿನ ದಾರಿ ತೋರಿಸುತ್ತಿದ್ದಳು. ಅಜ್ಜಿಯ ಸಿಮ್ ಅವನ ಕಂಪನಿಯದು. ದಿನಾ ಮೊಮ್ಮಗಳ ಮುಖ ನೋಡಿ ಮಾತಾಡುವುದು ಅವನ ಕಂಪನಿಯಿಂದ. ನಮ್ಮ ಸಿಗ್ನಲ್ ಅವಳ ಮನೆಯ ತಲೆ ಮೇಲಿಂದ ಹಾರಿ ಹೋಗಿ ಗುಡ್ಡಕ್ಕೆ ಬಡಿಯುತ್ತಿತ್ತು.

ಅವನು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಳ್ಳುವುದನ್ನು ಕಂಬದ ಮೇಲಿಂದ ಒಂದು ಬೇಸಿಗೆ ಪೂರ್ತಿ ನೋಡಿದೆ. ಇನ್ನು ತಡೆಯಲಾಗಲಿಲ್ಲ. ಅಂಗಳಕ್ಕೆ ನಮ್ಮ ಸಿಗ್ನಲ್ ಬಂದರೆ ಅಜ್ಜಿ ಸಿಮ್ ಬದಲಿಸಿಯಾಳು ಅಂತ ಆಸೆ. ಮೇಲಿನವರಿಗೆ ಬರೆದು, ಹಟ ಹಿಡಿದು, ಒಪ್ಪಿಗೆ ತಂದು ನಮ್ಮ ಆಂಟೆನಾವನ್ನು ಎರಡು ಡಿಗ್ರಿ ಕೆಳಕ್ಕೆ ಬಗ್ಗಿಸಿದೆ. ಅಜ್ಜಿಯ ಅಂಗಳದಲ್ಲಿ ನಮ್ಮ ಸಿಗ್ನಲ್ ತುಂಬಿ ತುಳುಕಿತು.

ಮುಂದಿನ ವಾರ ಬೆಳಗ್ಗೆ ನಾಷ್ಟಾ ಬಿಟ್ಟು ಹಸಿದುಕೊಂಡೇ ಹೋದೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ಬಗ್ಗಿಸಿದಾಂವ ನೀನಾ ಏನು?"

"ಹೌದಬೇ, ನಾನಾ!" ಅಂದೆ, ಎದೆ ಉಬ್ಬಿಸಿ.

"ನನ್ನ ಸೊಸಿ ಸಿಮ್ಮು ನಿನ್ನ ಕಂಪನೀದು. ಇಷ್ಟು ದಿನಾ ಬಾಯಿ ಮುಚಗೊಂಡು ಸುಮ್ಮನಿದ್ಲು. ಈಗ ನಾನು ಕೆಮ್ಮಿದ್ರ ಅಕಿ ತವರುಮನಿಗೆ ಸುದ್ದಿ ಹೋಗತೈತಿ. ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆತು ಅಂದೆ. ಬೀಗತಿ ಅಲ್ಲಿಂದ ಜಗಳಕ್ಕ ಬಂದ್ಲು!"

ಹಿಂದೆ ಕಟ್ಟೆಯ ಮೇಲೆ ಅವನು ಕೂತಿದ್ದ. ಇವತ್ತು ಅವನ ಗಂಗಾಳದಲ್ಲಿ ರೊಟ್ಟಿಯ ಮೇಲೆ ಬೆಣ್ಣೆಯೂ ಇತ್ತು.

"ನನಗೂ ಒಂದೀಟು ಮಜ್ಜಿಗಿ…" ಅಂದೆ.

"ಆ ಎರಡು ಡಿಗ್ರಿ ವಾಪಸ್ ಎತ್ತಿ ಬಾ. ಆಮ್ಯಾಲೆ ಮಜ್ಜಿಗಿ."

೪. ಲೈವ್ ಮದುವೆ

ಹರಪನಹಳ್ಳಿಯಲ್ಲಿ ಪರಿಚಯದವರ ಮದುವೆಗೆ ಹೋಗಿದ್ದೆ. ಮಂಟಪ ತುಂಬ ಜನ, ಎಲ್ಲರ ಕೈಯಲ್ಲೂ ಫೋನು. ಗಂಡಿನ ಸೋದರಮಾವ ಪುಣೆಯಲ್ಲಿರುವ ತಮ್ಮ ಕಡೆಯವರಿಗೆ ಮದುವೆಯನ್ನು ಲೈವ್ ತೋರಿಸುತ್ತಿದ್ದ. ಅದನ್ನು ಕಂಡು ಕೆಂಪು ರುಮಾಲು ಸುತ್ತಿದ್ದ ಹೆಣ್ಣಿನ ಸೋದರಮಾವನಿಗೂ ಹುರುಪು ಬಂತು, ಅವನೂ ಶುರು ಮಾಡಿದ. ಇಬ್ಬರದೂ ನಿಂತು ಹೋಯಿತು.

ನಾನು ಟವರಿನವನೆಂದು ಯಾರೋ ಹೇಳಿಬಿಟ್ಟರು. ಬಾಳೆ ಎಲೆಯ ಮುಂದೆ ಕೂತವನನ್ನು ಎಬ್ಬಿಸಿ ಕರೆತಂದರು. "ಟವರ್ ಒಂದೇ ಐತ್ರಿ. ಇದ್ದದ್ದನ್ನ ಇಷ್ಟೂ ಮಂದಿ ಹಂಚಿಕೋಬೇಕು. ಒಬ್ಬರು ಬಂದ್ ಮಾಡಿದ್ರ ಇನ್ನೊಬ್ಬರಿಗೆ ಸಿಗ್ತೈತಿ" ಅಂದೆ.

"ನಾವು ಗಂಡಿನ ಕಡೇರು. ಮೊದಲು ನಮಗ ಸಿಗಬೇಕು" ಅಂದ ಆ ಮಾವ.

"ಮಂಟಪ ಹಿಡಿದೋರು ನಾವು. ಇದರೊಳಗಿನ ಸಿಗ್ನಲ್ಲೂ ನಮ್ದಾ" ಅಂದ ಈ ಮಾವ.

ಮಾತಿಗೆ ಮಾತು ಬೆಳೆಯಿತು. ಜಗಳ ನೋಡಲು ಜನವೆಲ್ಲ ತಮ್ಮ ತಮ್ಮ ಫೋನು ಜೇಬಿಗಿಟ್ಟು ಸುತ್ತ ನೆರೆದರು. ಅತ್ತ ವೇದಿಕೆಯ ಮೇಲೆ ತಾಳಿ ಕಟ್ಟಿಯೇ ಆಯಿತು, ಇಬ್ಬರಲ್ಲಿ ಒಬ್ಬನೂ ನೋಡಲಿಲ್ಲ. ಜನ ಫೋನು ಒಳಗಿಟ್ಟಿದ್ದರಿಂದ ಸಿಗ್ನಲ್ ತಾನಾಗಿ ಸಲೀಸಾಗಿತ್ತು, ಗಂಡಿನ ಮಾವನ ಕೈಯಲ್ಲಿದ್ದ ಲೈವ್ ಯಾವಾಗಲೋ ಮತ್ತೆ ಶುರುವಾಗಿತ್ತು. ಸ್ವಲ್ಪ ಹೊತ್ತಿಗೆ ಅವನಿಗೆ ಪುಣೆಯಿಂದ ಫೋನು ಬಂತು: "ಮದುವಿ ಭಾರಿ ಚಲೋ ನಡದೈತಿ. ಆದ್ರ ಆ ಕೆಂಪು ರುಮಾಲಿನಾಂವಗ ಒಂದು ಏಟು ಯಾಕ ಹಾಕವಲ್ರಿ?"

೫. ಹಳೇದು, ಹೊಸಾದು

ನಾನಿರುವುದು ಕೊಟ್ಟೂರಿನಲ್ಲಿ. ನಮ್ಮ ಕಂಪನಿಯ ಕಂಟ್ರೋಲ್ ರೂಮು ದೂರದ ಊರಿನಲ್ಲಿದೆ. ಅಲ್ಲಿ ಒಬ್ಬ ಮೇಡಂ ಕಂಪ್ಯೂಟರ್ ಮುಂದೆ ಕೂತು ಎಲ್ಲ ಟವರುಗಳ ಪವರ್ ಹೆಚ್ಚುಕಮ್ಮಿ ಮಾಡುತ್ತಾರೆ. ಒಂದು ಭಾನುವಾರ ಬೆಳಗ್ಗೆ ಅವರ ಫೋನು ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ಹೊಸದಾಗಿ ನಿಲ್ಲಿಸಿದ ಟವರಿಗೂ ಹಳೆಯ ಟವರಿಗೂ ತಿಕ್ಕಾಟ. ರಸ್ತೆಯಲ್ಲಿ ಹೋಗುವವರ ಫೋನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾದ ಜಾಗದಲ್ಲಿ ಕರೆ ಕಡಿದು ಹೋಗುತ್ತಿತ್ತು. ಹೆಂಡತಿ ಒಳಗೆ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು. ಅವಳಿಗೆ ಕೇಳಿಸಿದ್ದು ನನ್ನ ಮಾತು ಮಾತ್ರ.

"ಹೌದು ಮೇಡಂ, ಹಳೇದನ್ನ ಬಿಡಬೇಕು, ಹೊಸಾದನ್ನ ಹಿಡೀಬೇಕು. ಅಲ್ಲೇ ತ್ರಾಸು ಆಗಾಕತ್ತೈತಿ."

ಒಳಗೆ ಸೌಟಿನ ಸದ್ದು ನಿಂತಿತು. ನನಗೆ ಗೊತ್ತಾಗಲಿಲ್ಲ.

"ಹಳೇದು ಭಾಳ ಜೋರು ಮೇಡಂ. ಅದರ ಜೋರಿಗೆ ಹೊಸಾದು ಹತ್ರ ಬರಾಕ ಆಗವಲ್ದು. ನೀವು ಮನಸ್ಸು ಮಾಡಿದ್ರ ಹಳೇದನ್ನ ಸ್ವಲ್ಪ ತಣ್ಣಗ ಮಾಡಬಹುದು."

ಫೋನು ಇಟ್ಟು ತಿರುಗಿದರೆ ಹೆಂಡತಿ ಸೌಟು ಹಿಡಿದು ನಿಂತಿದ್ದಳು.

"ಹಳೇದು ಅಂದ್ರ ಯಾರು?"

"ಟವರು."

"ನನಗ ಟವರು ಅಂತ ಹೆಸರಿಟ್ಟೀರೇನು?"

ಎಷ್ಟು ಹೇಳಿದರೂ ಕೇಳಲಿಲ್ಲ. ಮಂಡಕ್ಕಿಯನ್ನು ಬಾಣಲೆಯಲ್ಲೇ ಬಿಟ್ಟು ಬೈಕಿನ ಹಿಂದೆ ಕೂತು ಹಗರಿಬೊಮ್ಮನಹಳ್ಳಿಗೇ ಬಂದಳು. ಹಳೆಯ ಟವರನ್ನೂ ಹೊಸ ಟವರನ್ನೂ ಕಣ್ಣಾರೆ ನೋಡಿದಳು. ಅಷ್ಟಕ್ಕೂ ಸಮಾಧಾನವಾಗದೆ ಮೇಡಂಗೆ ಫೋನು ಹಚ್ಚಿಸಿ, ನನ್ನ ಕೈಯಿಂದ ಕಸಿದುಕೊಂಡಳು. ಜಗಳವಾಗುತ್ತದೆ ಅಂತ ನಾನು ಹೆದರಿ ದೂರ ಹೋಗಿ ನಿಂತೆ. ಅರ್ಧ ತಾಸಾದ ಮೇಲೆ ನೋಡಿದರೆ ಇಬ್ಬರೂ ನಗುತ್ತಿದ್ದರು. ಮೇಡಂನ ಗಂಡನೂ ಟವರ್ ಕೆಲಸದವನಂತೆ.

ಅಲ್ಲಿಂದ ದಿನಾ ಅವರಿಬ್ಬರ ಮಾತು. ಈಗ ಹೊಟ್ಟೆ ಉರಿಯುವ ಸರದಿ ನನ್ನದಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಜೊತೆ ಒಂದು ದಿನವೂ ಅವಳು ಅಷ್ಟು ಹೊತ್ತು ನಕ್ಕು ಮಾತಾಡಿದ್ದಿಲ್ಲ. ನಾನು ಮೇಡಂಗೆ ಫೋನು ಮಾಡಿದರೆ ಲೈನ್ ಬಿಜಿ, ಮನೆಗೆ ಮಾಡಿದರೂ ಬಿಜಿ.

ಮೊನ್ನೆ ಮಧ್ಯಾಹ್ನ ಹರಪನಹಳ್ಳಿ ರಸ್ತೆಯ ಟವರ್ ಹತ್ತಿದ್ದೆ. ಆಂಟೆನಾ ಮುಟ್ಟುವ ಮೊದಲು ಕಂಟ್ರೋಲ್ ರೂಮಿನವರು ಅದನ್ನು ಬಂದ್ ಮಾಡಬೇಕು, ಇಲ್ಲದಿದ್ದರೆ ಕೈ ಹಾಕುವ ಹಾಗಿಲ್ಲ. ಉರಿಬಿಸಿಲಲ್ಲಿ ಬೆಲ್ಟಿಗೆ ಜೋತುಬಿದ್ದು ಫೋನು ಮಾಡಿದೆ. ಬಿಜಿ. ಮತ್ತೆ ಮಾಡಿದೆ. ಬಿಜಿ. ಹತ್ತನೆಯ ಸಲಕ್ಕೆ ಮೇಡಂ ಎತ್ತಿದರು.

"ಸಾರಿ ಸರ್, ನಿಮ್ಮ ಮನಿಯವರ ಜೋಡಿ ಮಾತಾಡಾಕತ್ತಿದ್ದೆ. ಇವತ್ತಿಂದ ನನ್ನ ಜಾಗಕ್ಕ ಹೊಸ ಮೇಡಂ ಬಂದಾರ, ಅದನ್ನ ಹೇಳಿದೆ."

"ಅದಕ್ಕ ಏನಂದ್ಲು?"

"ಅವರ ನಂಬರ್ ಕೇಳಿದ್ರು ಸರ್, ಕೊಟ್ಟೆ. ಈಗ ಅವರಿಬ್ಬರೂ ಲೈನಿನಾಗ ಅದಾರ. ಆಂಟೆನಾ ಬಂದ್ ಮಾಡೋದು ಇನ್ಮ್ಯಾಲೆ ಹೊಸ ಮೇಡಂ ಕೈಯಾಗ ಐತಿ. ನಿಮ್ಮ ಮನಿಯವರು ಎಲ್ಲಾ ವಿಚಾರಿಸಿ ಮುಗಿಸೋತನಕ ನೀವು ಅಲ್ಲೇ ಮ್ಯಾಲೆ ಸ್ವಲ್ಪ ಕಾಯ್ರಿ."