ಅತ್ತೆಯವರ ತಿಥಿ ನಿಂತ ವರ್ಷ

ನಮ್ಮ ಯಜಮಾನರು ಜಾತಿ, ಮಡಿ, ಶ್ರಾದ್ಧ ಎಲ್ಲವನ್ನೂ ಜಾಡಿಸಿ ಒಂದು ಕಾದಂಬರಿ ಬರೆದಿದ್ದಾರೆ. ಅದರ ನಾಯಕ ಜನಿವಾರ ಕಿತ್ತು ಕಪಿಲೆಗೆ ಎಸೆಯುತ್ತಾನೆ. (ಆ ಅಧ್ಯಾಯ ಬರೆಯುವಾಗ ಇವರು ಬೆನ್ನು ಕೆರೆದುಕೊಳ್ಳುತ್ತಿದ್ದದ್ದು ಸ್ವಂತ ಜನಿವಾರದಿಂದಲೇ.) ಮೈಸೂರಿನ ಕಾಲೇಜು ಹುಡುಗರು ಇವರನ್ನು ಕ್ರಾಂತಿಕಾರಿ ಎಂದರು. ನಾನೂ ನಂಬಿದೆ. ಅಷ್ಟರಲ್ಲಿ ಅತ್ತೆಯವರ ತಿಥಿ ಬಂತು.

"ಕಾದಂಬರಿ ಬೇರೆ, ತಿಥಿ ಬೇರೆ ಕಣೇ ವಿಶಾಲೂ. ಅಮ್ಮನಿಗೆ ನಿನ್ನ ಕೈಯ ವಡೆ ಅಂದ್ರೆ ಪ್ರಾಣ."

ಬದುಕಿದ್ದಾಗ ಅತ್ತೆ ಆ ವಡೆಯನ್ನು ಒಂದು ದಿನವೂ ಹೊಗಳಿದವರಲ್ಲ. ಒದ್ದೆ ಸೀರೆಯುಟ್ಟು, ಹೊಗೆಯಲ್ಲಿ ಕೂತು, ಜೋಯಿಸರು ಉಂಡೇಳುವವರೆಗೆ ಹನಿ ನೀರೂ ಕುಡಿಯದೆ ಬೇಯಿಸುವ ಸೌಭಾಗ್ಯ ವರ್ಷ ವರ್ಷವೂ ನನ್ನದು. ಈ ಸಲ ಮಂಡಿಗಳು ಒಲ್ಲೆವೆಂದವು. ನನಗೊಂದು ಮಹೋಪಾಯ ಹೊಳೆಯಿತು. ಇವರಿಲ್ಲದಾಗ ಶೇಷಗಿರಿ ಜೋಯಿಸರ ಮನೆಗೆ ಹೋಗಿ, ನಮ್ಮವರು ಬರೆದದ್ದು, ತಾವು ಓದಲೇಬೇಕಂತೆ ಎಂದು ಕಾದಂಬರಿಯನ್ನು ಕೈಗಿತ್ತು ಬಂದೆ.

ಜೋಯಿಸರು ಓದಿದರು. ಇಂಥವರ ಮನೆಯ ನೀರನ್ನೂ ಮುಟ್ಟುವುದಿಲ್ಲ ಎಂದು ಹೇಳಿಕಳಿಸಿದರು. ಉಳಿದ ಪುರೋಹಿತರಿಗೂ ಸುದ್ದಿ ಮುಟ್ಟಿಸಿದರು. ಇವರ ಮುಖ ಸಣ್ಣಗಾಯಿತು. ಪಾಪ ಎನಿಸಿತು. ಆದರೂ ತಿಥಿಯ ಬೆಳಗ್ಗೆ ನಾನು ಒಣ ಸೀರೆಯುಟ್ಟು, ಬಿಸಿ ಕಾಫಿ ಕುಡಿದು, ಪಕ್ಕದ ಮನೆ ಜಾನಕಿಯೊಡನೆ ಮ್ಯಾಟಿನಿಗೆ ಹೋಗುವುದೆಂದು ಗೊತ್ತುಮಾಡಿಕೊಂಡೆ.

ಆಗ ಬಾಗಿಲಿಗೆ ಹಾರ ಹಿಡಿದ ದಂಡು ಬಂತು. ಪುರೋಹಿತರ ಬಹಿಷ್ಕಾರದ ಸುದ್ದಿ ಊರೆಲ್ಲ ಸುತ್ತಿ, ಇವರು ತಾಯಿಯ ಶ್ರಾದ್ಧವನ್ನೇ ಧಿಕ್ಕರಿಸಿದ ಧೀರರಾಗಿಬಿಟ್ಟಿದ್ದರು. ಮುಂದಾಳು ಪುಟ್ಟಮಾದಯ್ಯ ಎಂಬ ಕಾಲೇಜು ಮೇಷ್ಟ್ರು. ಎಲ್ಲ ಜಾತಿಯವರೂ ಇವತ್ತು ಇದೇ ಮನೆಯಲ್ಲಿ ಒಟ್ಟಿಗೆ ಕೂತು ಉಣ್ಣಬೇಕೆಂಬುದು ಅವರ ಆಸೆ. ಇವರ ಎದೆ ಉಬ್ಬಿತು. ಉಬ್ಬಿದ ಎದೆ ನೆಟ್ಟಗೆ ಅಡುಗೆಮನೆಗೆ ಬಂದು, ಒಂದಿಷ್ಟು ವಡೆ ಹಾಕಿಬಿಡು ಎಂದಿತು.

ತಿಥಿಗಾದರೆ ಜೋಯಿಸರು, ಜೊತೆಗೆ ಇನ್ನೊಬ್ಬರು. ಸಮಾನತೆಗೆ ಮೂರು ಪಂಕ್ತಿ. ಪುಟ್ಟಮಾದಯ್ಯನವರೊಬ್ಬರು ಮಾತ್ರ ಎಲೆಯಿಂದ ತಲೆಯೆತ್ತಿ, "ನೀವೂ ನಮ್ ಜೊತೆ ಕೂತ್ಕಳಿ ಅಕ್ಕಾ. ಅದಕ್ಕೇ ಅಲ್ವಾ ನಾವ್ ಬಂದಿರೋದು?" ಎಂದರು. ಈ ಮನೆಯಲ್ಲಿ ಇದುವರೆಗೆ ಯಾರೂ ನನಗೆ ಹೇಳದ ಮಾತು. ಕೂತೇಬಿಡೋಣ ಎನಿಸಿತು. ಆದರೆ ಎಣ್ಣೆ ಕಾದಿತ್ತು.

ಎಲ್ಲರೂ ಹೋದ ಮೇಲೆ ಪಾತ್ರೆಯ ತಳದ ಪಾಯಸ ಕೆರೆಯುತ್ತ ಕೂತೆ. ಇವರು ಕೊರಳ ಹಾರವನ್ನೂ ತೆಗೆಯದೆ ಬಂದು ಪಕ್ಕದಲ್ಲಿ ನಿಂತರು.

"ವಿಶಾಲೂ, ನಿನ್ನ ವಡೆ ಅವ್ರಿಗೆ ತುಂಬಾ ಹಿಡಿಸ್ತಂತೆ. ಇನ್ಮೇಲೆ ಪ್ರತಿ ವರ್ಷ ಇದೇ ತಿಥಿಗೆ ಬರ್ತಾರಂತೆ."