ಆಗ್ಲಿಲ್ಲ ಸಾರ್

“ಅರ್ಥ ಆಯ್ತಾ?” ಎಂದು ಕೇಳಿದರೆ ಸಾಕು, ಏಳನೇ ತರಗತಿ ಒಂದೇ ರಾಗದಲ್ಲಿ “ಆಯ್ತು ಸಾರ್” ಎನ್ನುತ್ತಿತ್ತು. ಶಾಲೆಯಲ್ಲಿ ಯಾರೂ ಕಲಿಸದೆ ಬರುವ ಪಾಠ ಇದೊಂದೇ. ಅಂದು ಬೆಳಿಗ್ಗೆ ಲೆಕ್ಕದ ಮೇಷ್ಟ್ರು ಬೇಕೆಂದೇ ಬೋರ್ಡಿನ ಮೇಲೆ ತಪ್ಪು ಲೆಕ್ಕ ಮಾಡಿ ಕೇಳಿದರು. ಅದೂ ಅರ್ಥವಾಗಿತ್ತು. ಮೇಷ್ಟ್ರ ಪಿತ್ತ ನೆತ್ತಿಗೇರಿತು.

“ಇವತ್ತಿಂದ ಈ ಸುಳ್ಳು ಬಂದ್. ಅರ್ಥ ಆಗದಿದ್ರೆ ‘ಆಗ್ಲಿಲ್ಲ’ ಅನ್ನಿ. ಹಾಗನ್ನೋಕೆ ಧೈರ್ಯ ಬೇಕು ಕಣ್ರೋ. ಎಷ್ಟು ಸಲ ಬೇಕಾದ್ರೂ ಹೇಳಿಕೊಡ್ತೀನಿ.”

ಮಕ್ಕಳಿಗೆ ಈ ಧೈರ್ಯ ಬಹಳ ರುಚಿಸಿತು. ಮುಂದಿನ ಪಿರಿಯಡ್ಡಿನಲ್ಲಿ ಇತಿಹಾಸದ ಮೇಷ್ಟ್ರು ಒಂದೇ ಯುದ್ಧವನ್ನು ಮೂರು ಸಲ ಮಾಡಿ, ಮೂರು ಸಲವೂ ಸೋತು ಸ್ಟಾಫ್ ರೂಮಿಗೆ ಬಂದರು. ವಿಜ್ಞಾನದ ಟೀಚರಿಗೆ ಕಪ್ಪೆಯ ಹೊಟ್ಟೆಯಿಂದ ಹೊರಗೆ ಬರಲಿಕ್ಕೇ ಆಗಲಿಲ್ಲ.

“ಏನ್ರೀ, ನಾವು ಪೋರ್ಷನ್ ಮುಗಿಸೋದು ಬೇಡ್ವಾ?” ಎಂದು ಇತಿಹಾಸದವರು ಲೆಕ್ಕದ ಮೇಷ್ಟ್ರ ಮೇಲೆ ರೇಗಿದರು.

“ಮುಗಿಸಿ ಸಾರ್. ಮಕ್ಕಳ ತಲೆಗೆ ಏನಾದ್ರೂ ಹೋಯ್ತಾ ಅಂತ ಒಂದ್ಸಲ ನೋಡ್ಕೊಂಡು ಮುಗಿಸಿ.”

ಮಧ್ಯಾಹ್ನದ ಹೊತ್ತಿಗೆ ಲೆಕ್ಕದ ಮೇಷ್ಟ್ರಿಗೆ ಹೆಡ್‌ಮಿಸ್ಸಿನ ಕೋಣೆಯಿಂದ ಕರೆ ಬಂತು.

“ಕೊನೇ ಪಿರಿಯಡ್ಡಿಗೆ ನಾನೇ ಬರ್ತೀನಿ. ನಿಮ್ಮ ಪಾಠ ಅರ್ಥ ಆಯ್ತು ಅಂತ ಮಕ್ಕಳು ಅಂದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಆ ಕ್ಲಾಸು ಡ್ರಿಲ್ ಮೇಷ್ಟ್ರಿಗೆ. ಸೀಟಿ ಊದಿ ಗೈಡ್ ಬಾಯಿಪಾಠ ಮಾಡಿಸ್ತಾರೆ.”

“ಬನ್ನಿ ಮೇಡಂ. ನಾನಂತೂ ಗೈಡ್ ಮುಟ್ಟೋನಲ್ಲ.”

ಮಾತು ಜೋರಾಗಿಯೇ ಬಂತು. ಆದರೆ ಆ ತರಗತಿ ಎಂದರೆ ಮೇಷ್ಟ್ರಿಗೆ ಪ್ರಾಣ.

ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕೆ ಬರುತ್ತದೆ ಎಂಬುದು ಕೊನೇ ಪಿರಿಯಡ್ಡಿನ ಪಾಠ. ಮೇಷ್ಟ್ರು ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿದರು.

“ಬೋರ್ಡಿನ ಕಡೆ ಹೋದ್ರೆ ಪ್ಲಸ್. ಈಗ ಬೋರ್ಡಿಗೆ ಬೆನ್ನು ಹಾಕಿ. ಅದೊಂದು ಮೈನಸ್. ಹಾಗೇ ಹಿಂದಹಿಂದಕ್ಕೆ ನಡೀರಿ. ಅದು ಇನ್ನೊಂದು ಮೈನಸ್. ಎಲ್ಲಿಗೆ ಬಂದ್ರಿ?”

“ಬೋರ್ಡಿನ ಹತ್ರಾನೇ ಸಾರ್” ಎನ್ನುವಷ್ಟರಲ್ಲಿ ಇಡೀ ತರಗತಿ, ಬೋರ್ಡಿನ ಪಕ್ಕ ನಿಂತಿದ್ದ ಹೆಡ್‌ಮಿಸ್ಸಿನ ಮೇಲೆ ಒರಗಿತ್ತು. “ಅಯ್ಯೋ, ಇಷ್ಟೇನಾ” ಎಂದು ಒಬ್ಬಳು ನಕ್ಕಳು. ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೆಡ್‌ಮಿಸ್ಸು ಸೀರೆಗೆ ಮೆತ್ತಿದ ಸೀಮೆಸುಣ್ಣ ಕೊಡವಿಕೊಂಡು ಕೇಳಿದರು. “ಅರ್ಥ ಆಯ್ತಾ?”

“ಆಗ್ಲಿಲ್ಲ ಮೇಡಂ” ಎಂದಿತು ತರಗತಿ, ಒಂದೇ ರಾಗದಲ್ಲಿ.

“ಕೇಳಿಸ್ತಲ್ಲ ಮೇಷ್ಟ್ರೇ? ನಾಳೆಯಿಂದ ಡ್ರಿಲ್ ಮೇಷ್ಟ್ರು” ಎಂದು ಅವರು ಹೊರಟೇಹೋದರು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು.

“ನಿಜ ಹೇಳ್ರೋ. ಒಬ್ಬರಿಗೂ ಅರ್ಥ ಆಗ್ಲಿಲ್ವಾ?”

ನಕ್ಕವಳೇ ಎದ್ದು ನಿಂತಳು.

“ಎಲ್ರಿಗೂ ಆಯ್ತು ಸಾರ್. ಆದ್ರೆ ಆಯ್ತು ಅಂದ್ಬಿಟ್ರೆ ಪಾಠ ಮುಗಿದ್ಹೋಗುತ್ತಲ್ಲ. ಆಗ್ಲಿಲ್ಲ ಅಂದ್ರೆ ನಾಳೇನೂ ನೀವು ಇದನ್ನೇ ಮಾಡಿಸ್ತೀರಿ ಅಂತ...”

ಮನೆಗೆ ಹೋಗುವ ಗಂಟೆ ಹೊಡೆಯಿತು. ಯಾರೂ ಅಲ್ಲಾಡಲಿಲ್ಲ.

“ಕ್ಲಾಸು ಕೈ ತಪ್ಪೋದು ನಾಳೆ ತಾನೆ?” ಎಂದು ಮೇಷ್ಟ್ರು ಎದ್ದು ಬಾಗಿಲು ಹಾಕಿದರು. “ಬೆನ್ನು ಹಾಕಿ ನಿಂತ್ಕೊಳ್ಳಿ.”