ನನ್ನ ಯುಫೋನಿಯಂ ಮತ್ತು ಅವಸರದ ಅಕ್ಕಿಕಾಳು

ನಿಧಾನವಾಗಿ ಮಾಡಿದ ಕೆಲಸದಲ್ಲಿ ತಪ್ಪಾಗುವುದಿಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆಯ ಮೇಲೆಯೇ, ನನ್ನ ಹೆಂಡತಿಯ ತಮ್ಮನ ಮಗಳ ಮದುವೆಯಲ್ಲಿ, ಹಳಿಯಾಳದ ಮಂಗಲ ಕಾರ್ಯಾಲಯದಲ್ಲಿ, ನೆರೆದ ಸಮಸ್ತ ಬಂಧುಬಳಗದ ಸಮಕ್ಷಮ, ಯುಫೋನಿಯಂ ಎಂಬ ವಾದ್ಯವನ್ನು ಒಬ್ಬನೇ ಅತಿ ನಿಧಾನವಾಗಿ ನುಡಿಸಲು ಒಪ್ಪಿಕೊಂಡೆ. ಒಪ್ಪಿಕೊಂಡೆ ಎಂದರೆ ಸುಳ್ಳಾದೀತು. ನಾನೇ ಹೋಗಿ ಕೇಳಿಕೊಂಡೆ.

ಯುಫೋನಿಯಂ ಎಂದರೇನು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಮದುವೆ ಬ್ಯಾಂಡಿನಲ್ಲಿ ಒಬ್ಬ ದಣಿದ ಮನುಷ್ಯ ದೊಡ್ಡ ಹಿತ್ತಾಳೆಯ ವಾದ್ಯವನ್ನು ಕೂಸಿನಂತೆ ತಬ್ಬಿಕೊಂಡು, ಕೆನ್ನೆ ಉಬ್ಬಿಸಿ, ಎಲ್ಲರ ಹಿಂದೆ ಕಾಲೆಳೆಯುತ್ತ ಬರುತ್ತಾನಲ್ಲ, ಆ ವಾದ್ಯವೇ ಅದು. ಆ ಮನುಷ್ಯ ನಾನು. ವಾದ್ಯದ ಬಾಯಿ ಹಂಡೆಯ ಬಾಯಿಯಷ್ಟು ಅಗಲ, ಮುಖ ಮೇಲಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅನಾಹುತಕ್ಕೆ ಬೇಕಾಗುತ್ತದೆ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಅಂಬೇವಾಡಿಯ ಮನೆಗೆ ಬಂದು ಚಹಾ ಕುಡಿದು, ಬ್ಯಾಂಡಿನ ಕೆಂಪು ಕೋಟು ತೊಟ್ಟು ಮತ್ತೆ ಹೊರಡುವುದೇ ನನ್ನ ಇಷ್ಟು ವರ್ಷಗಳ ಬದುಕು. ಮೆರವಣಿಗೆಯಲ್ಲಿ ಎಲ್ಲರಿಗೂ ತುತ್ತೂರಿ ಕೇಳಿಸುತ್ತದೆ, ಡೋಲು ಕೇಳಿಸುತ್ತದೆ. ನನ್ನದು ಕೇಳಿಸುವುದಿಲ್ಲ. ಒಮ್ಮೆ ನಮ್ಮ ಓಣಿಯಲ್ಲೇ ಹಾದುಹೋದ ಮೆರವಣಿಗೆಯಲ್ಲಿ ಜೀವ ಬಿಟ್ಟು ಊದಿದೆ. ಮನೆಗೆ ಬಂದು ಹೆಂಡತಿ ನೀಲವ್ವನನ್ನು ಕೇಳಿದೆ.

"ಹೆಂಗಿತ್ತ?"

"ಯಾವದು?"

"ನಾ ಬಾರ್ಸಿದ್ದು!"

"ಅಯ್ಯ, ಅದರಾಗ ನೀವೂ ಇದ್ರೇನ್ರಿ? ನಾ ಪಾಳಿಗೆ ಹೋಗೀರಿ ಅಂತ ತಿಳ್ಕೊಂಡಿದ್ನಿ."

ಆವತ್ತೇ ನಿರ್ಧರಿಸಿದೆ. ಈ ಹೆಣ್ಣುಮಗಳು ಒಮ್ಮೆಯಾದರೂ ಒಂದು ಕಡೆ ಕುಳಿತು, ನಾನೊಬ್ಬನೇ ಊದುವುದನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಹೊಗಳುವುದು ಬೇಡ. "ಕೇಳಿಸ್ತು" ಎಂದರೆ ಸಾಕು.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಯಾವುದೋ ದೇಶದ ದಪ್ಪ ಮನುಷ್ಯ, ನನ್ನದೇ ವಾದ್ಯ, ನನ್ನಂಥದೇ ಹೊಟ್ಟೆ. ಕಣ್ಣು ಮುಚ್ಚಿಕೊಂಡು ಒಂದೊಂದೇ ಸ್ವರವನ್ನು ಮೆಲ್ಲಗೆ ಬಿಡುತ್ತಿದ್ದ. ಎದುರಿನ ನೂರಾರು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದಾಗ ಎಲ್ಲರೂ ಎದ್ದು ನಿಂತರು. ಯುಫೋನಿಯಂಗಾಗಿ ಜನ ಏಳುತ್ತಾರೆ ಎನ್ನುವುದೇ ನನಗೆ ಹೊಸ ಸಂಗತಿ.

ನಮ್ಮ ಬ್ಯಾಂಡಿನ ಯಜಮಾನರು ಜೋಯಿಡಾ ಕಡೆಯ ಪಾಸ್ಕಲ್ ಮಾಸ್ತರರು. ಅವರಿಗೆ ತೋರಿಸಿದೆ.

"ಮಾಸ್ತರ, ಇದನ್ನ ನನಗ ಕಲಸ್ರಿ. ಸಾವಕಾಶ ಐತಿ, ನನ್ನ ವಯಸ್ಸಿಗೆ ಹೊಂದತೈತಿ."

ಅವರು ನನ್ನನ್ನು ಮರುಕದಿಂದ ನೋಡಿದರು. "ಅರೇ ಬಾಬಾ, ಜಲ್ದಿ ಬಾರ್ಸಿದ್ರೆ ತಪ್ಪು ಯಾರಿಗೂ ಗೊತ್ತಾಗೂದಿಲ್ಲ. ಸಾವಕಾಶ ಬಾರ್ಸಿದ್ರೆ ಒಂದೊಂದು ತಪ್ಪೂ ಆಧಾರ್ ಕಾರ್ಡ್ ಹಿಡ್ಕೊಂಡು ಬಂದು ನಿಂತ್ಕೊಳ್ತದೆ!"

ಆದರೂ ಕಲಿಸತೊಡಗಿದರು. ಅವರು ಹೇಳಿದ್ದು ಖರೆ. ಸಾವಕಾಶ ಎಂದರೆ ವಿಶ್ರಾಂತಿ ಎಂದು ತಿಳಿದಿದ್ದ ನಾನು ಮೊದಲ ಸ್ವರಕ್ಕೇ ಸುಸ್ತಾದೆ. ಎದೆಯೊಳಗಿನ ಗಾಳಿಯೆಲ್ಲ ಮುಗಿದು, ಮುಂದಿನ ತಿಂಗಳ ಗಾಳಿಯನ್ನು ಮುಂಗಡ ಪಡೆದರೂ ಆ ಸ್ವರ ಮುಗಿಯುತ್ತಿರಲಿಲ್ಲ. ಎರಡನೆಯ ದಿನವೇ ಪಕ್ಕದ ಮನೆಯ ಶಾಂತಕ್ಕ ಬಿಸಿ ಕಷಾಯ ಹಿಡಿದು ಬಾಗಿಲಲ್ಲಿ ನಿಂತಳು.

"ನೀಲವ್ವಾ, ನಿಮ್ಮ ಯಜಮಾನ್ರಿಗೆ ದಮ್ಮ ಭಾಳ ಆಗೇತಿ ಕಾಣಸ್ತೈತಿ. ಮುಂಜಾನಿಂದ ಒಂದ ಸಮ ನರಳಾಕತ್ಯಾರ."

"ದಮ್ಮ ಅಲ್ರೀ ಅಕ್ಕಾ, ಅದು ಸಂಗೀತ ಅಂತ!"

"ಹೌದೇನ? ಅದಕ್ಕೂ ನಡೀತೈತಿ, ಕುಡಸ್ರಿ."

ಕುಡಿದೆ. ನಿಜ ಹೇಳಬೇಕೆಂದರೆ ಎದೆಗೆ ಹಿತವೆನಿಸಿತು.

ಈ ಕೃತಿಯಲ್ಲಿ ನನಗೆ ಬಹಳ ಹಿಡಿಸಿದ್ದು ನಡುವಿನ ಮೌನ. ಮೊದಲ ಭಾಗ ಮುಗಿದ ಮೇಲೆ ವಾದ್ಯ ತುಟಿಯಲ್ಲೇ ಇಟ್ಟುಕೊಂಡು ಸುಮ್ಮನಿರಬೇಕು. "ಆ ಸುಮ್ಮನಿರೂದ್ರಲ್ಲೇ ಎಲ್ಲ ಇದೆ" ಎಂದು ಮಾಸ್ತರರು ಹೇಳಿದ್ದರು. ಅದೊಂದನ್ನು ಮಾತ್ರ ನಾನು ಮೊದಲ ದಿನದಿಂದಲೂ ತಪ್ಪಿಲ್ಲದೆ ನುಡಿಸುತ್ತಿದ್ದೆ.

ಮದುವೆ ದಿನ ಬಂತು. ಬ್ಯಾಂಡು ನಮ್ಮದೇ. ವರನ ಸೋದರಮಾವ ಗೋವಾದಿಂದ ಬರಬೇಕಿತ್ತು, ಅವರ ಗಾಡಿ ಅನಮೋಡ ಘಾಟಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಿತ್ತು. ಅವರಿಲ್ಲದೆ ತಾಳಿ ಕಟ್ಟುವ ಹಾಗಿಲ್ಲ. ಅಕ್ಷತೆಯ ಅಕ್ಕಿಕಾಳು ಆಗಲೇ ಎಲ್ಲರ ಕೈಗೆ ಹಂಚಿಯಾಗಿತ್ತು. ಅಡಿಗೆ ಮನೆಯಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ಜನ ಒಂದು ಕೈಯಲ್ಲಿ ಅಕ್ಕಿಕಾಳು, ಇನ್ನೊಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಇದೇ ಸುಸಂದರ್ಭವೆಂದು ನಾನು ವಧುವಿನ ತಂದೆ, ಅಂದರೆ ಹೆಂಡತಿಯ ತಮ್ಮ ಶಿವಪುತ್ರನ ಬಳಿ ಹೋದೆ.

"ಏನರ ಬಾರಿಸ್ರಿ ಮಾಮಾ," ಎಂದ ಅವನು ಫೋನು ಕಿವಿಯಿಂದ ತೆಗೆಯದೆ. "ಮಂದಿ ಹಸದಾರ, ಗದ್ದಲಾ ಮಾಡದಂಗ ಕೂಡಿಸಿದ್ರ ಆತು."

ನೀಲವ್ವನನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. "ಪೂರಾ ಕೇಳಬೇಕ ನೋಡ" ಎಂದೆ. "ಕೇಳ್ತೇನಿ ಬಿಡ್ರಿ, ಎಲ್ಲಿ ಓಡಿ ಹೋಗ್ತೇನಿ?" ಎಂದಳು. ನಾನು ಆ ದಪ್ಪ ಮನುಷ್ಯನಂತೆಯೇ ಕಣ್ಣು ಮುಚ್ಚಿದೆ.

ಇಲ್ಲಿ ನಮ್ಮ ಕಡೆಯ ಮದುವೆಯ ಒಂದು ಪದ್ಧತಿಯನ್ನು ಹೇಳಬೇಕು. ತಾಳಿ ಕಟ್ಟುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಫೋಟೋದವರು, ವಿಡಿಯೋದವರು, ವೇದಿಕೆ ಹತ್ತಿದ ಹಿರಿಯರು ಸೇರಿ ವಧೂವರರನ್ನು ಗೋಡೆಯಂತೆ ಮುಚ್ಚಿರುತ್ತಾರೆ. ಆದ್ದರಿಂದ ಜನ ಕಿವಿಯನ್ನು ನಂಬುತ್ತಾರೆ. ಬ್ಯಾಂಡು ಶುರುವಾದರೆ ಅಕ್ಕಿಕಾಳು ಹಾಕಬೇಕು. ಬ್ಯಾಂಡು ನಿಂತರೆ ಊಟಕ್ಕೆ ಏಳಬೇಕು. ಇಷ್ಟು ವರ್ಷ ಬ್ಯಾಂಡಿನಲ್ಲಿದ್ದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಲಾವಿದನಿಗೆ ನೆನಪಾಗಲಿಲ್ಲ!

ಮೊದಲ ಸ್ವರ ಹೊರಟಿತು. ಹಿಂದಿನ ಸಾಲಿನವರಿಗೆ ಬ್ಯಾಂಡು ತುಸು ಬಡವಾಗಿದೆ ಎನಿಸಿರಬೇಕು, ಆದರೂ ಬ್ಯಾಂಡು ಬ್ಯಾಂಡೇ. ಎಲ್ಲಿಂದಲೋ ನಾಲ್ಕು ಕಾಳು ಬಂದು ನನ್ನ ತಲೆಯ ಮೇಲೆ ಬಿದ್ದವು. ಆಮೇಲೆ ಮಳೆ! ವೇದಿಕೆಯ ಬುಡದಲ್ಲೇ ಕುಳಿತಿದ್ದ ನನ್ನ ಮೇಲೆ ಇಡೀ ಕಾರ್ಯಾಲಯದ ಅಕ್ಕಿಕಾಳು ಸುರಿಯಿತು. ಮೇಲಕ್ಕೆ ಬಾಯಿ ತೆರೆದಿದ್ದ ಯುಫೋನಿಯಂ ಸಿಕ್ಕಷ್ಟನ್ನೂ ನುಂಗಿತು. ದನಿ ಬಾಯಿ ಮುಕ್ಕಳಿಸಿದ ಹಾಗೆ ಗುಳುಗುಳು ಎನ್ನತೊಡಗಿತು. ನಾನು ಕಣ್ಣು ತೆರೆಯಲಿಲ್ಲ. ವಿದೇಶದಲ್ಲಿ ಹೂ ಎಸೆಯುತ್ತಾರೆ, ನಮ್ಮಲ್ಲಿ ಅಕ್ಕಿಕಾಳು ಎಸೆದಿದ್ದಾರೆ ಎಂದುಕೊಂಡೆ.

ಮೌನದ ಜಾಗ ಬಂತು. ನಿಲ್ಲಿಸಿದೆ. ತಕ್ಷಣ ಕುರ್ಚಿಗಳೆಲ್ಲ ಒಟ್ಟಿಗೆ ಸರಿದ ಸದ್ದು. ಜನ ಎದ್ದು ನಿಂತಿದ್ದರು! ನನ್ನ ಮುಚ್ಚಿದ ಕಣ್ಣಿನಲ್ಲಿ ನೀರು ಬಂತು. ಆ ಉತ್ಸಾಹದಲ್ಲಿ ಎರಡನೆಯ ಭಾಗವನ್ನು ಹಿಂದೆಂದೂ ಊದದಷ್ಟು ಮೆಲ್ಲಗೆ, ತುಂಬಿ ಊದಿ ಮುಗಿಸಿದೆ. ಕಣ್ಣು ತೆರೆದೆ.

ಕಾರ್ಯಾಲಯ ಖಾಲಿ! ನೀಲವ್ವನ ಕುರ್ಚಿಯೂ ಖಾಲಿ. ಒಂದು ಮೂಲೆಯಲ್ಲಿ ಸನವಳ್ಳಿಯ ರುದ್ರಪ್ಪ ಮಾವ, ನನ್ನ ಹೆಂಡತಿಯ ದೊಡ್ಡಪ್ಪ, ಕೋಲಿನ ಮೇಲೆ ಗದ್ದವೂರಿ ಕುಳಿತಿದ್ದರು. ವೇದಿಕೆಯ ಮೇಲೆ ಮದುವೆ ಮಾಡಿಸುವ ಅಯ್ಯನವರು ತಾಳಿ ಹಿಡಿದು ನಿಂತಿದ್ದರು. ವರನ ಸೋದರಮಾವ ಆಗತಾನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಮಾಮಾ!" ಎಂದು ಶಿವಪುತ್ರ ಕೂಗಿದ. "ಏನ ಮಾಡಿದ್ರಿ ಇದು? ತಾಳಿ ಕಟ್ಟೂಕಿಂತ ಮೊದಲ ಮಂದಿ ಹುಗ್ಗಿ ಹಾಕಿಸ್ಕೊಂಡ ಕುಂತಾರ!"

ಓಡಿಹೋಗಿ ಕರೆದೆವು. ಹುಗ್ಗಿ ಬಿದ್ದ ಎಲೆ ಬಿಟ್ಟು ಯಾರು ಎದ್ದಾರು? "ಒಮ್ಮಿ ಹಾಕೇವಲ್ರಿ ಅಕ್ಕಿಕಾಳು" ಎಂದರು. ಹೊಸದಾಗಿ ಹಾಕಲು ಕಾಳೂ ಉಳಿದಿರಲಿಲ್ಲ. ಆಗ ಪಾಸ್ಕಲ್ ಮಾಸ್ತರರು ನನ್ನ ಕೈಯಿಂದ ಯುಫೋನಿಯಂ ಕಸಿದುಕೊಂಡು, ವೇದಿಕೆ ಹತ್ತಿ, ತಾಳಿ ಬಿದ್ದ ಗಳಿಗೆಗೆ ಸರಿಯಾಗಿ ವಧೂವರರ ತಲೆಯ ಮೇಲೆ ಬೋರಲು ಹಾಕಿ ಅಲ್ಲಾಡಿಸಿದರು. ಆ ದಂಪತಿಗಳಿಗೆ ಸಮಸ್ತ ಬಂಧುಬಳಗದ ಆಶೀರ್ವಾದ ದೊರೆತದ್ದು ಹೀಗೆ. ತುಸು ಒದ್ದೆಯಾಗಿತ್ತು, ಅಷ್ಟೇ.

ಊಟದ ಮನೆಯಲ್ಲಿ ನೀಲವ್ವ ಪಕ್ಕದ ಎಲೆಯ ಮುಂದೆ ತನ್ನ ಕೈಚೀಲ ಇಟ್ಟು ನನಗೆ ಜಾಗ ಹಿಡಿದಿದ್ದಳು.

"ಪೂರಾ ಕೇಳ್ತೇನಿ ಅಂದಿದ್ದಿ!"

"ಪೂರಾ ಕೇಳೇ ಎದ್ನಲ್ರಿ. ನೀವು ಸುಮ್ಮನಾದ್ರಿ, ನಾ ಬಂದ್ನಿ."

"ಅದು ಮೌನ! ಅದೂ ಸಂಗೀತನ!"

"ಹಂಗಾರ ಅದನ್ನ ಮನ್ಯಾಗ ಬಾರಿಸ್ರಿ, ದಿನಾ ಕೇಳ್ತೇನಿ."

ಆಸೆ ಸಣ್ಣದಿತ್ತು, ಅದಕ್ಕೇ ಸಂಕಟ ದೊಡ್ಡದಾಯಿತು. ಆಗ ರುದ್ರಪ್ಪ ಮಾವ ಕೋಲೂರುತ್ತ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಅಳಿಯಂದ್ರ, ಕಡೀತನಕಾ ಕೇಳಿದ್ನಿ. ನಮ್ಮ ಮುದುಕಿ ಹೋದ ಮ್ಯಾಲ ಹಿಂಗ ಒಳಗ ಮುಟ್ಟಿದ್ದ ಯಾವದೂ ಇಲ್ಲ."

ಇಷ್ಟು ವರ್ಷ ಊದಿದ್ದಕ್ಕೂ ಸಾರ್ಥಕವಾಯಿತು ಎನಿಸಿತು.

"ಒಂದ ಕೇಳ್ಕೋತೇನಿ, ಇಲ್ಲ ಅನಬ್ಯಾಡ್ರಿ," ಎಂದರು. "ನಾ ಸತ್ತಾಗ ನೀವ ಬಂದ ಇದನ್ನ ಬಾರಿಸಬೇಕು. ಅವಸರ ಬ್ಯಾಡ. ಆದ್ರ ನಡುವ ನಿಲ್ಲಿಸಬ್ಯಾಡ್ರಿ, ಮಂದಿ ನನ್ನ ಅಲ್ಲೇ ಬಿಟ್ಟ ಮನಿಗೆ ಹೋದಾರು!"

ಬಸ್ಸಿನಲ್ಲಿ ದಾಂಡೇಲಿಗೆ ಮರಳುವಾಗ ಯುಫೋನಿಯಂ ನನ್ನ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಹೊಟ್ಟೆಯೊಳಗೆ ಉಳಿದ ಅಕ್ಕಿಕಾಳು ಗಲಗಲ ಎನ್ನುತ್ತಿತ್ತು. ಕೊನೆಗೂ ನನಗೊಬ್ಬ ಶ್ರೋತೃ ಸಿಕ್ಕಿದ್ದಾರೆ, ಅವರೂ ಮುಂದಿನ ಸಲ ಸತ್ತ ಮೇಲೆ ಕೇಳುತ್ತಾರಂತೆ ಎಂದು ನೀಲವ್ವನಿಗೆ ಹೇಳಿದೆ.

ಅವಳು ಕಿಟಕಿಯ ಹೊರಗೆ ನೋಡುತ್ತ ಸಮಾಧಾನ ಹೇಳಿದಳು.

"ಚಲೋನ ಆತು ಬಿಡ್ರಿ. ಆವತ್ತ ಅವರಂತೂ ನಡುವ ಎದ್ದ ಹೋಗೂದಿಲ್ಲ."